ಏಪ್ರಿಲ್ ತಿಂಗಳಲ್ಲಿ ನಮ್ಮೂರಿನ ನೀರನ್ನು ಅಳೆದದ್ದು

ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ನೀರನ್ನು ಅಳೆಯುವ ಅಗತ್ಯವಾದರೂ ಏನು ಎಂದು ಕೇಳಿದವರಿದ್ದರು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಬಹುಪಾಲು ಇಳಿಜಾರಿನಲ್ಲಿ ಹರಿದು ತೋಡು ಸೇರಿಬಿಡುತ್ತದೆ. ಕಾಫಿ ಹೂವನ್ನು ಅರಳಿಸುವ ಬೇಸಿಗೆಯ ಹೂಮಳೆ ತಡವಾದ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಊರಿಗೆ ಉಳಿಯುವುದು ಒಂದು ಒರತೆ ಮತ್ತು ಒಂದು ತೆರೆದ ಬಾವಿ ಮಾತ್ರ. ಊರಿನ ನೀರು ಸಮಿತಿಯ ಸದಸ್ಯನಾಗಿ ಅವೆರಡನ್ನೂ ನಾನೇ ಅಳೆದೆ.

ಮೊದಲು ಜನರನ್ನು ಎಣಿಸಿದೆ. ಮನೆಗಳ ಪಟ್ಟಿಯಲ್ಲಿ ಕಾಫಿ ತೋಟದ ಲೈನ್ ಮನೆಗಳವರು, ಅಂದರೆ ಸಾಲುಮನೆಗಳಲ್ಲಿರುವ ಕಾರ್ಮಿಕರು, ಇರಲಿಲ್ಲ. ಅವರನ್ನೂ ಸೇರಿಸಿದಾಗ 280 ಮಂದಿಯಾದರು. ಜಲ ಜೀವನ್ ಮಿಷನ್‌ನ ಲೆಕ್ಕದಂತೆ ತಲಾ 55 ಲೀಟರ್ ಎಂದರೆ ದಿನಕ್ಕೆ 15,400 ಲೀಟರ್ ಬೇಕು.

ಒರತೆಯ ಅಳತೆ ಸುಲಭ. ಬುಡದಲ್ಲಿ ಜೇಡಿಮಣ್ಣು ಮೆತ್ತಿ, ನೀರೆಲ್ಲ ಒಂದೇ ಪೈಪಿನಲ್ಲಿ ಬೀಳುವಂತೆ ಮಾಡಿ, 15 ಲೀಟರ್ ಬಕೆಟ್ ತುಂಬುವ ಸಮಯವನ್ನು ಐದು ಸಲ ನೋಡಿ ಸರಾಸರಿ ತೆಗೆದೆ. ಜನವರಿಯಲ್ಲಿ 50 ಸೆಕೆಂಡು ಸಾಕಾಗಿತ್ತು. ಏಪ್ರಿಲ್‌ನಲ್ಲಿ 125 ಸೆಕೆಂಡು ಬೇಕಾಯಿತು. ಅಂದರೆ ದಿನಕ್ಕೆ ಸುಮಾರು 26,000 ಲೀಟರ್ ಇದ್ದದ್ದು 10,400ಕ್ಕೆ ಇಳಿದಿತ್ತು, ಅದೂ ರಾತ್ರಿಯ ನೀರನ್ನು ಹಿಡಿದಿಟ್ಟರೆ ಮಾತ್ರ.

ಬಾವಿಯ ವಿಷಯದಲ್ಲಿ ಊರವರ ನಂಬಿಕೆಯೇ ಬೇರೆಯಾಗಿತ್ತು. ಪಂಪು ಗಂಟೆಗೆ 10,000 ಲೀಟರ್ ಎತ್ತುತ್ತದೆ, ಐದು ಗಂಟೆ ಓಡಿಸಿದರೆ 50,000 ಲೀಟರ್ ಸಿಗುತ್ತದೆ ಎಂದು ಅವರು ಹೇಳುತ್ತಿದ್ದರು. ಅದು ಪಂಪಿನ ಶಕ್ತಿಯೇ ಹೊರತು ಬಾವಿಯದ್ದಲ್ಲ. ಓಡಿಸಿದ ಮುಕ್ಕಾಲು ಗಂಟೆಯಲ್ಲಿ ನೀರು ಒಂದೂವರೆ ಮೀಟರ್ ಕುಸಿದು ಪಂಪು ಗಾಳಿ ಎಳೆಯತೊಡಗಿತು. ಅಲ್ಲಿಗೆ ನಿಲ್ಲಿಸಿ, ಟೇಪಿಗೆ ಸೀಮೆಸುಣ್ಣ ಬಳಿದು ಇಳಿಬಿಟ್ಟು, ಒದ್ದೆಯಾದ ಗುರುತನ್ನು ನೋಡಿ ಗಂಟೆಗೊಮ್ಮೆ ಮಟ್ಟವನ್ನು ಬರೆದುಕೊಂಡೆ. ಮೊದಲ ಗಂಟೆಯಲ್ಲಿ 18 ಸೆಂಟಿಮೀಟರ್ ಏರಿದ ನೀರು ಏಳನೆಯ ಗಂಟೆಯಲ್ಲಿ ಏರಿದ್ದು 7 ಮಾತ್ರ. ಒಳಗಿನ ನೀರು ಮೇಲೇರಿದಷ್ಟೂ ಸುತ್ತಲಿನ ಮಣ್ಣಿನಿಂದ ಬರುವ ಒತ್ತಡ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಗಂಟೆಯ ಏರಿಕೆಯನ್ನು ಇಪ್ಪತ್ತನಾಲ್ಕರಿಂದ ಗುಣಿಸುವುದು ದೊಡ್ಡ ತಪ್ಪು. ಹನ್ನೆರಡು ಗಂಟೆಗಳಲ್ಲಿ ಒಟ್ಟು 110 ಸೆಂಟಿಮೀಟರ್ ಏರಿತು.

ಇಲ್ಲಿ ನಾನೂ ಒಮ್ಮೆ ಎಡವಿದೆ. ಬಾವಿಯ ಬಾಯಿಯ ವ್ಯಾಸ 3 ಮೀಟರ್ ಎಂದು ಹಿಡಿದು ಸೆಂಟಿಮೀಟರಿಗೆ 70 ಲೀಟರ್ ಎಂದು ಲೆಕ್ಕ ಹಾಕಿದ್ದೆ. ಕಲ್ಲು ಕಟ್ಟಿದ ಬಾವಿ ಕೆಳಗೆ ಕಿರಿದಾಗಿದೆಯೆಂದು, ಹಿಂದೆ ಅದರ ಹೂಳೆತ್ತಿದ್ದ ಹಿರಿಯರೊಬ್ಬರು ಎಚ್ಚರಿಸಿದರು. ನೀರಿನ ಮಟ್ಟದಲ್ಲಿ ಅಳೆದಾಗ ವ್ಯಾಸ 2.4 ಮೀಟರ್ ಇತ್ತು. ಅಂದರೆ ಸೆಂಟಿಮೀಟರಿಗೆ 45 ಲೀಟರ್, ಹನ್ನೆರಡು ಗಂಟೆಗೆ ಸುಮಾರು 5,000 ಲೀಟರ್. ಬೆಳಿಗ್ಗೆ ಮತ್ತು ಸಂಜೆ ಎತ್ತಿದರೆ ದಿನಕ್ಕೆ 10,000. ಪಕ್ಕದ ತೋಟದಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ ದಿನಗಳಲ್ಲಿ ಅಷ್ಟೂ ಸಿಗಲಿಲ್ಲ.

ಎರಡೂ ಸೇರಿದರೆ ಊರಿಗೆ ಸಾಲುತ್ತದೆ, ಆದರೆ ಒರತೆಯ ಕೆಳಗಿದ್ದದ್ದು 1,000 ಲೀಟರಿನ ತೊಟ್ಟಿ. ರಾತ್ರಿಯ ನೀರೆಲ್ಲ ತುಂಬಿ ತೋಡಿಗೆ ಹೋಗುತ್ತಿತ್ತು. ಹೊಸ ಕೊಳವೆ ಬಾವಿಗೆಂದು ಇಟ್ಟಿದ್ದ ಹಣವನ್ನು ದೊಡ್ಡ ತೊಟ್ಟಿಗೆ ಬಳಸೋಣವೆಂದು ಈ ಅಂಕಿಗಳನ್ನು ಗ್ರಾಮಸಭೆಯ ಮುಂದಿಟ್ಟೆ, ಸಭೆ ಒಪ್ಪಿತು. ಈಗ ಪ್ರತಿ ಶನಿವಾರ ಬೆಳಿಗ್ಗೆ ಆರು ಗಂಟೆಗೆ, ಪಂಪು ಹಾಕುವ ಮೊದಲು, ಬಕೆಟ್ಟಿನ ಸೆಕೆಂಡುಗಳನ್ನೂ ಬಾವಿಯ ಮಟ್ಟವನ್ನೂ ವಾಟರ್‌ಮ್ಯಾನ್ ಪುಸ್ತಕದಲ್ಲಿ ಬರೆಯುತ್ತಾರೆ.