ಗುಜರಿಗೆ ಹೊರಟಿದ್ದ ಮಾರುತಿ 800: ಚಾಸಿಸ್ ಎಳೆದ ನನ್ನ ಅನುಭವ

ಮಾರುತಿ 800ರ ಲಾಂಗ್ ಮೆಂಬರ್, ಅಂದರೆ ಮೂತಿಯ ಎರಡೂ ಕಡೆ ಉದ್ದಕ್ಕೆ ಚಾಚಿರುವ ಪೊಳ್ಳು ತಗಡಿನ ತೊಲೆ, ಒಮ್ಮೆ ಬುಡದಲ್ಲಿ ಮಡಚಿತೆಂದರೆ ಗಾಡಿ ಮುಗಿಯಿತು ಎಂದು ನಮ್ಮ ಮಂಡ್ಯದ ಟಿಂಕರುಗಳೆಲ್ಲ ಹೇಳುತ್ತಾರೆ. ನಾನು ಇದನ್ನು ಯಾವತ್ತೂ ಒಪ್ಪಿದವನಲ್ಲ. ಈಗ ನಾನು ಎಳೆದು ನಿಲ್ಲಿಸಿದ ಗಾಡಿ ಎರಡು ಮಳೆಗಾಲ ಕಂಡು ನೆಟ್ಟಗೆ ಓಡುತ್ತಿದೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ಹದಿನೈದು ವರ್ಷ ದಾಟಿದ್ದು, ಮರುನೋಂದಣಿಯೂ ಆಗಿತ್ತು. ಮಾಲೀಕರು ನಿವೃತ್ತ ಮೇಷ್ಟ್ರು. ನಾಲೆ ಏರಿಯ ಮೇಲೆ ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡುವಾಗ ಎಡಗಡೆಯ ಚಕ್ರ ಜಾರಿ, ಮೂತಿ ಕಲ್ಲಿಗೆ ಬಡಿದು, ಹೊಟ್ಟೆ ಅದೇ ಕಲ್ಲಿನ ಮೇಲೆ ಕುಳಿತಿತ್ತು. ಎಡ ಏಪ್ರನ್ (ಎಂಜಿನ್ ಪಕ್ಕದ ಒಳಗೋಡೆಯ ತಗಡು) ಸುಕ್ಕಾಗಿತ್ತು, ಲಾಂಗ್ ಮೆಂಬರ್ ಒಳಕ್ಕೂ ಮೇಲಕ್ಕೂ ತಿರುಚಿತ್ತು, ಚಾಲಕನ ಪಕ್ಕದ ಸೀಟಿನ ಕೆಳಗೆ ಫ್ಲೋರ್ ಉಬ್ಬಿ ಬಂದಿತ್ತು. ವಿಮೆ ಮೂರನೆಯ ವ್ಯಕ್ತಿಯದು ಮಾತ್ರ, ಹಾಗಾಗಿ ಕ್ಲೇಮಿನ ಮಾತಿಲ್ಲ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಎಪ್ಪತ್ತು ಸಾವಿರದ ಮೇಲೆ ಹೇಳಿ, ಅದಕ್ಕಿಂತ ಗುಜರಿಗೆ ಕೊಡುವುದೇ ವಾಸಿ ಎಂದರಂತೆ. ಗುಜರಿಯವನು ಕೇಳಿದ್ದು ಇಪ್ಪತ್ತು ಸಾವಿರದ ಆಸುಪಾಸು. ಬೇರೆ ಬಾಡಿ ತಂದು ಹಾಕಿ ಎಂದವರೂ ಇದ್ದರು. ಚಾಸಿಸ್ ನಂಬರ್ ಕೊರೆದಿರುವುದು ಫೈರ್‌ವಾಲಿನ ಮೇಲೆ, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಅಡ್ಡ ತಗಡಿನ ಮೇಲೆ. ಅದನ್ನು ಕತ್ತರಿಸಿ ಇನ್ನೊಂದು ಬಾಡಿಗೆ ಅಂಟಿಸುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಮೊದಲು ಅಳತೆ. ಈ ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ, 2175 ಮಿಲಿಮೀಟರ್. ಬಲಗಡೆ ಸರಿಯಾಗಿತ್ತು, ಎಡಗಡೆ ಇಪ್ಪತ್ತು ಮಿಲಿಮೀಟರಿನಷ್ಟು ಕಡಿಮೆ. ಇಲ್ಲೇ ಬಹಳ ಜನ ದುಡುಕಿ ಬಾಡಿ ಎಳೆಯಲು ಚೈನ್ ಹಾಕುತ್ತಾರೆ. ಮುಂದಿನ ಚಕ್ರವನ್ನು ಹಿಡಿದಿರುವ ಸ್ಟೆಬಿಲೈಸರ್ ಬಾರ್, ಲೋಯರ್ ಆರ್ಮ್, ಸ್ಟ್ರಟ್ ಮೂರನ್ನೂ ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟು ನೋಡಿ. ಈ ಗಾಡಿಯಲ್ಲಿ ಲೋಯರ್ ಆರ್ಮನ್ನು ಹಿಂದೆ ಮುಂದೆ ಆಗದಂತೆ ಹಿಡಿಯುವುದೇ ಸ್ಟೆಬಿಲೈಸರ್. ಅದು ಬಾಗಿದ್ದರಿಂದಲೇ ಆರೇಳು ಮಿಲಿಮೀಟರ್ ತಪ್ಪಿತ್ತು. ಉಳಿದದ್ದು ಬಾಡಿಯದು. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಎರಡನ್ನೂ ಇದರಲ್ಲಿ ತಿರುಗಿಸಲು ಬರುವುದಿಲ್ಲ, ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದೇ ನಮ್ಮ ಕೈಯಲ್ಲಿರುವುದು. ಬಾಡಿ ಸರಿಯಾಗದೆ ಅಲೈನ್‌ಮೆಂಟಿಗೆ ಕೊಟ್ಟರೆ ಹಣ ದಂಡ, ಟೈರೂ ದಂಡ.

ಬಾಡಿಯ ಬಿಂದುಗಳ ನಡುವಿನ ದೂರ ಅಳೆಯುವ ಟ್ರಾಮ್ ಗೇಜ್ ನನ್ನಲ್ಲಿಲ್ಲ. ಗಾರೆ ಕೆಲಸದವರ ತೂಗುಗುಂಡು ತಂದು, ಗಾಡಿಯ ತಳದಲ್ಲಿ ಕಾರ್ಖಾನೆಯಲ್ಲೇ ಕೊರೆದ ತೂತುಗಳಿಂದ ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೂಲೆಯಿಂದ ಮೂಲೆಗೆ ಅಳೆದೆ. ಎರಡು ಕರ್ಣಗಳ ನಡುವೆ ಹದಿನಾಲ್ಕು ಮಿಲಿಮೀಟರ್ ವ್ಯತ್ಯಾಸ. ನೆಲ ಸಮವಾಗಿದ್ದರೆ ಈ ವಿಧಾನವನ್ನು ನಂಬಬಹುದು.

ಗಾಡಿಯನ್ನು ಬಿಗಿದು ಎಳೆಯುವ ಕಬ್ಬಿಣದ ಚೌಕಟ್ಟಾದ ಬೆಂಚಿಗೆ ಹಳೆಯ ಲಾರಿಯ ಚಾಸಿಸ್ ಚಾನೆಲ್‌ಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡೆ. ವೆಲ್ಡಿಂಗ್ ಸೇರಿ ಹದಿನೈದು ಸಾವಿರ ಬಿತ್ತು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಕೆಳತುಟಿಯನ್ನು ಕಚ್ಚುವ ಕ್ಲ್ಯಾಂಪುಗಳೇ ಕಾಡಿದ್ದು. ಮೊದಲು ಎಂಟು ಮಿಲಿಮೀಟರ್ ಪ್ಲೇಟಿನಲ್ಲಿ ಮಾಡಿಸಿದವು ಎಳೆತಕ್ಕೆ ಬಾಯಿ ಬಿಟ್ಟು, ತಗಡನ್ನೂ ಹರಿದವು. ಸುಮಾರು ಎರಡು ಸಾವಿರ ಮಣ್ಣುಪಾಲು. ಆಮೇಲೆ ದಪ್ಪ ಪ್ಲೇಟಿನಲ್ಲಿ ಹಲ್ಲು ಕೊರೆಸಿ ಮಾಡಿಸಿದೆ. ಹಲ್ಲಿನ ನಡುವೆ ಏನು ಇಡುತ್ತೇನೆಂಬುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅಂಗಡಿಯ ಗುಟ್ಟು.

ಎಂಜಿನ್ ಇಳಿಸಿ, ಎರಡು ಟನ್ನಿನ ಚೈನ್ ಬ್ಲಾಕ್ ಹಾಕಿ ತುದಿಯಿಂದ ಮುಂದಕ್ಕೆ ಎಳೆದಾಗ ಲಾಂಗ್ ಮೆಂಬರ್ ಹನ್ನೆರಡು ಮಿಲಿಮೀಟರ್ ಬಂತು. ಚೈನ್ ಸಡಿಲಿಸಿದರೆ ಒಂಬತ್ತು ವಾಪಸ್! ಪಕ್ಕದ ಅಂಗಡಿಯವರು ನಿಂತು ನೋಡಿ, ‘ನಾವು ಹೇಳಿರಲಿಲ್ಲವೇ ಅಣ್ಣ’ ಎಂದು ಹೋದರು. ಕಾರಣ ಬುಡದಲ್ಲಿತ್ತು. ಪೆಟ್ಟು ತುದಿಗೆ ಬಿದ್ದರೂ ಕೊನೆಗೆ ಮಡಚಿದ್ದು ಫೈರ್‌ವಾಲಿನ ಹತ್ತಿರ. ಕೊನೆಗೆ ಬಾಗಿದ್ದು ಮೊದಲು ಬಿಚ್ಚಿಕೊಳ್ಳಬೇಕು. ಹಾಗಾಗಿ ಬುಡದ ಹತ್ತಿರ ಪ್ಲೇಟ್ ಬೆಸೆದು ಅಲ್ಲಿಂದ ಪಕ್ಕಕ್ಕೊಂದು, ಮುಂದಕ್ಕೊಂದು ಚೈನ್ ಹಾಕಿದೆ, ಕೆಳಗಿನಿಂದ ಜಾಕಿಯ ಆಸರೆ ಕೊಟ್ಟೆ. ಚೈನ್ ತಂತಿಯಂತೆ ಬಿಗಿದಿರುವಾಗ ಮಡಿಕೆಯ ಉದ್ದಕ್ಕೂ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿಯುತ್ತಾ ಹೋದೆ. ಹಳೆಯ ಬಣ್ಣ ಹಕ್ಕಳೆಯಾಗಿ ಉದುರುತ್ತದೆ, ತಗಡು ಟಕ್ ಎಂದು ಸದ್ದು ಮಾಡುತ್ತದೆ, ಚೈನ್ ತಾನಾಗಿ ಒಂದು ಕೂದಲೆಳೆ ಸಡಿಲವಾಗುತ್ತದೆ. ಬಿಗಿ ಬಿಟ್ಟಿದೆ ಎನ್ನುವುದು ತಿಳಿಯುವುದು ಆಗಲೇ. ಮತ್ತೆ ಬಿಗಿ, ಮತ್ತೆ ಬಡಿ. ಬೇಕಾದ್ದಕ್ಕಿಂತ ನಾಲ್ಕೈದು ಮಿಲಿಮೀಟರ್ ಹೆಚ್ಚಿಗೆ ಎಳೆದು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಬಿಚ್ಚಿದಾಗ ಕರ್ಣಗಳ ವ್ಯತ್ಯಾಸ ಎರಡು ಮಿಲಿಮೀಟರಿಗೆ ಇಳಿದಿತ್ತು.

ಎಳೆಯುವಾಗ ಚೈನಿನ ಸಾಲಿನಲ್ಲಿ ಯಾರನ್ನೂ ನಿಲ್ಲಿಸಬೇಡಿ, ಮೇಲೆ ಒಂದು ದಪ್ಪ ಕಂಬಳಿ ಹೊದಿಸಿರಿ. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಎಳೆಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಸುಲಭವಾಗಿ ಬರುತ್ತದೆ ನಿಜ, ಆದರೆ ಮುಂದಿನ ಪೆಟ್ಟಿಗೆ ಅದೇ ಜಾಗ ಮೊದಲು ಮಡಚುತ್ತದೆ. ಒಂದು ಕಡೆ ಮಡಿಕೆ ಹೋಗಲೇ ಇಲ್ಲ. ಅಲ್ಲಿ ಹೊರಮೈಯಲ್ಲಿ ಕಿಟಕಿ ಕತ್ತರಿಸಿ, ಒಳಗೆ ಡಾಲಿ (ಸುತ್ತಿಗೆ ಪೆಟ್ಟಿಗೆ ಆಸರೆಯಾಗಿ ಹಿಡಿಯುವ ಕಬ್ಬಿಣದ ಗಟ್ಟಿ) ಕೊಟ್ಟು ತಟ್ಟಿ, ಅದೇ ದಪ್ಪದ ತಗಡಿನಿಂದ ಮುಚ್ಚಿದೆ.

ಫ್ಲೋರಿನ ಕೆಲಸ ಅಷ್ಟು ಕಷ್ಟವಲ್ಲ. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ರೇಕ್ ಪೈಪುಗಳನ್ನು ಸರಿಸಿಕೊಂಡು, ಉಬ್ಬನ್ನು ಮೇಲಿನಿಂದ ಮರದ ಕೊರಡಿನಲ್ಲಿ ಇಳಿಸಿದೆ. ತುಕ್ಕು ತಿಂದ ಕಡೆ ಹದಿನೆಂಟು ಗೇಜಿನ ತಗಡು, ಇಂಚಿಗೊಂದು ತೂತು ಹೊಡೆದು ಸಿಒ2 ವೆಲ್ಡಿಂಗ್. ಒಂದೇ ಕಡೆ ಸಾಲಾಗಿ ಬೆಸೆಯದೆ ಅಲ್ಲೊಂದು ಇಲ್ಲೊಂದು ಬೆಸೆಯಬೇಕು, ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತದೆ.

ಈ ನಡುವೆ ಒಂದು ಪ್ರಯೋಗ ಮಾಡಿದೆ. ಬ್ರಾಕೆಟ್ಟು, ಬೋಲ್ಟುಗಳ ತುಕ್ಕು ತೆಗೆಯಲು ದನದ ಮೇವಿಗೆ ಮಾರುವ ಕಾಕಂಬಿ ತಂದು, ಒಂದು ಪಾಲಿಗೆ ಎಂಟೊಂಬತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ನೆನೆಹಾಕಿದೆ. ಎರಡು ವಾರದ ಹೊತ್ತಿಗೆ ತುಕ್ಕು ಕರಗಿ ಬೂದು ಬಣ್ಣದ ಲೋಹ ಹೊರಬಂತು. ಮುತ್ತುವ ನೊಣ, ಹುಳಿ ವಾಸನೆ ಸಹಿಸಬೇಕು. ಅಲ್ಯೂಮಿನಿಯಂ ಭಾಗಗಳನ್ನು ಅದರೊಳಗೆ ಹಾಕಬೇಡಿ, ತಿಂದುಬಿಡುತ್ತದೆ. ತೆಗೆದ ತಕ್ಷಣ ತೊಳೆದು ಒಣಗಿಸಿ ರೆಡ್ ಆಕ್ಸೈಡ್ ಬಳಿಯಬೇಕು, ಸಂಜೆಗೆ ಬಿಟ್ಟರೆ ಮತ್ತೆ ತುಕ್ಕು.

ಲಾಂಗ್ ಮೆಂಬರಿನ ಪೊಳ್ಳಿನೊಳಗೆ ಮೇಣ ಬೆರೆತ ಎಣ್ಣೆ ಸಿಂಪಡಿಸಿದೆ. ನೀರು ಇಳಿಯುವ ತೂತುಗಳನ್ನು ಅಂಡರ್‌ಕೋಟಿಂಗ್ ಮುಚ್ಚದಂತೆ ತೀಡಿ ಬಿಟ್ಟೆ. ಕೊನೆಗೆ ಅಲೈನ್‌ಮೆಂಟಿನ ಕಂಪ್ಯೂಟರ್ ಎರಡೂ ಕಡೆಯ ಕ್ಯಾಂಬರಿಗೆ ಅರ್ಧ ಡಿಗ್ರಿಗಿಂತ ಕಡಿಮೆ ವ್ಯತ್ಯಾಸ ತೋರಿಸಿತು. ಅಂಗಡಿಯ ಹುಡುಗ ಇದು ಅಪಘಾತದ ಗಾಡಿ ಎಂದರೆ ನಂಬಲಿಲ್ಲ.

ಬಿಡಿಭಾಗ ಒಂಬತ್ತು ಸಾವಿರ, ಗ್ಯಾಸು ತಗಡು ಮೂರು, ಬಣ್ಣ ಐದು, ಸಹಾಯಕನ ಕೂಲಿ ಆರು. ಮೇಷ್ಟ್ರಿಂದ ತೆಗೆದುಕೊಂಡದ್ದು ಮೂವತ್ತೆಂಟು ಸಾವಿರ. ಬೆಂಚಿಗೆ ಹಾಕಿದ ಹಣ ಈ ಒಂದೇ ಗಾಡಿಯಲ್ಲಿ ಹುಟ್ಟಿತು. ‘ನಾವು ಹೇಳಿರಲಿಲ್ಲವೇ’ ಎಂದವರು ಹೋದ ತಿಂಗಳು ಒಂದು ಜೆನ್ ಕಾರನ್ನು ಎಳೆಯಿಸಿಕೊಂಡು ನನ್ನಲ್ಲಿಗೇ ತಂದರು. ಅದರ ಬಲ ಏಪ್ರನ್ ಹೋಗಿದೆ, ಬುಡ ಇನ್ನೂ ಮಡಚಿಲ್ಲ.