ಎರಡು ವಾರಕ್ಕೆ ಮೂರೇ ತಿಂಡಿ: ಮಕ್ಕಳ ಅಡುಗೆ ಶಿಬಿರದ ನನ್ನ ಅನುಭವ

ಬೇಸಿಗೆ ಶಿಬಿರ ನಡೆಸುವವರಿಗೆಲ್ಲ ಇದು ಗೊತ್ತು. ಬೋರ್ಡಿನಲ್ಲಿ ತಿಂಡಿಗಳ ಪಟ್ಟಿ ಉದ್ದ ಇದ್ದಷ್ಟೂ ಸೀಟು ಬೇಗ ತುಂಬುತ್ತದೆ. ಕಪ್ ಕೇಕ್, ಪಿಜ್ಜಾ, ಡೋನಟ್, ದಿನಕ್ಕೊಂದು. ನಾನು ಎರಡು ವಾರಕ್ಕೆ ಮೂರೇ ಕಲಿಸುತ್ತೇನೆ: ಕೋಸಂಬರಿ, ಚಪಾತಿ, ಖಾರ ಬಿಸ್ಕತ್ತು. ಒಂದೊಂದನ್ನೂ ನಾಲ್ಕೈದು ದಿನ ಬಿಡದೆ ಮಾಡಿಸುತ್ತೇನೆ. ಶುರು ಮಾಡಿದಾಗ ನಮ್ಮ ಅತ್ತಿಗೆಯೇ "ದಿನಾ ಕೋಸಂಬರಿ ಮಾಡಿಸೋಕೆ ಇದೇನು ರಾಮನವಮಿನಾ?" ಅಂತ ನಕ್ಕಿದ್ದರು. ಮೈಸೂರಿನಲ್ಲೇ ಶಿಬಿರ ನಡೆಸುವ ಇಬ್ಬರು ಗೆಳತಿಯರು ಫೋನ್ ಮಾಡಿ, ಅಪ್ಪ ಅಮ್ಮಂದಿರು ದುಡ್ಡು ವಾಪಸ್ ಕೇಳ್ತಾರೆ ನೋಡು ಅಂದಿದ್ದರು. ಈಗ ಏಪ್ರಿಲ್ ಶಿಬಿರಕ್ಕೆ ಫೆಬ್ರವರಿಯಲ್ಲೇ ಸೀಟು ಮುಗಿಯುತ್ತದೆ. ಆ ಗೆಳತಿಯರಲ್ಲಿ ಒಬ್ಬರು ತಮ್ಮ ಮಗಳನ್ನು ನನ್ನ ಹತ್ತಿರವೇ ಕಳಿಸಿದರು. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲೆರಡು ವರ್ಷ ನನ್ನದೂ ದಿನಕ್ಕೊಂದು ತಿಂಡಿಯೇ. 12 ಮಕ್ಕಳು, ತಲೆಗೆ 1,500 ಫೀಸು, ಅಂದರೆ 18 ಸಾವಿರ. ಓಟಿಜಿಗೇ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಸಣ್ಣ ಓವನ್ನಿಗೇ, 6 ಸಾವಿರ ಹೋಯಿತು. ಬೆಣ್ಣೆ, ಕ್ರೀಮು, ಚಾಕೊಲೇಟು, ಅಚ್ಚುಗಳು, ಹೆಸರು ಬರೆಸಿದ ಏಪ್ರನ್ನು, ತಲೆಗೊಂದು ಶೆಫ್ ಟೋಪಿ, ಎಲ್ಲ ಸೇರಿ ಇನ್ನೊಂದು 8-9 ಸಾವಿರ. ಸಹಾಯಕ್ಕೆ ಬಂದವರ ಸಂಬಳ ಕೊಟ್ಟ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಒಂದು ಡಬ್ಬಿ ಬಣ್ಣದ ಸಕ್ಕರೆ ಕಾಳು. ಏಪ್ರಿಲ್ ಸೆಕೆಗೆ ಕ್ರೀಮು ಗೇಟು ದಾಟುವುದರೊಳಗೆ ಕರಗಿ ಡಬ್ಬಿ ತುಂಬಾ ಹರಿದಿರುತ್ತಿತ್ತು.

ದುಡ್ಡು ಹೋದರೆ ಹೋಗಲಿ. ಆ ಕೇಕು ಮಾಡಿದ್ದು ಯಾರು? ಅಳತೆ ನನ್ನದು, ಕಲಸಿದ್ದು ನಾನು, ಬೇಯಿಸಿದ್ದು ನಾನು. ಮಕ್ಕಳು ಮೇಲೆ ಜೆಮ್ಸ್ ಅಂಟಿಸಿದರು, ಅಷ್ಟೇ. ಫೋಟೋ ಮಾತ್ರ ಚೆನ್ನಾಗಿ ಬಂದವು. ಒಂದು ತಿಂಗಳು ಬಿಟ್ಟು ಒಬ್ಬ ತಾಯಿಯನ್ನು ಮಾರ್ಕೆಟ್ಟಿನಲ್ಲಿ ಕಂಡಾಗ, ಮನೇಲಿ ಏನಾದರೂ ಮಾಡ್ತಾನಾ ಅಂತ ಕೇಳಿದೆ. "ಇಲ್ಲ ಮೇಡಂ, ನಮ್ಮನೇಲಿ ಓವನ್ ಇಲ್ಲವಲ್ಲ" ಅಂದರು. ಅಲ್ಲಿಗೆ ಪಟ್ಟಿ ಹರಿದು ಹಾಕಿದೆ.

ಮೂರನೇ ವರ್ಷ ಕೋಸಂಬರಿಯಿಂದ ಶುರು ಮಾಡಿದೆ. ಅಡುಗೆ ಕಟ್ಟೆ ದೊಡ್ಡವರ ಎತ್ತರದ್ದು, ಸ್ಟೂಲು ಹಾಕಿ ನಿಲ್ಲಿಸಿದರೆ ಮಕ್ಕಳ ಗಮನವೆಲ್ಲ ಬೀಳದೆ ಇರುವುದರಲ್ಲೇ ಇರುತ್ತದೆ. ಎಲ್ಲರನ್ನೂ ಚಾಪೆ ಮೇಲೆ ಕೂರಿಸಿ ಮುಂದೆ ಮಣೆ ಇಟ್ಟೆ. ಹಲ್ಲಿರುವ ಸಣ್ಣ ಸ್ಟೀಲ್ ಚಾಕು ಕೊಟ್ಟೆ, ಅದು ಸೌತೆಕಾಯಿ ಕೊಯ್ಯುತ್ತದೆ, ಬೆರಳು ಅಷ್ಟು ಸುಲಭಕ್ಕೆ ಕೊಯ್ಯುವುದಿಲ್ಲ. ಪ್ಲಾಸ್ಟಿಕ್ ಚಾಕು ಕೊಡಬೇಡಿ. ಅದರಲ್ಲಿ ಜೋರಾಗಿ ಒತ್ತಬೇಕು, ಒತ್ತಿದಾಗಲೇ ಜಾರುವುದು.

ಮೊದಲ ದಿನ ಬರೀ ಗಲೀಜು. ಎರಡನೇ ದಿನ "ನಿನ್ನೇದೇನಾ?" ಅಂತ ಮುಖ ಸಣ್ಣ ಮಾಡಿಕೊಂಡರು. ಇದೇ ಎರಡನೇ ದಿನಕ್ಕೆ ಹೆದರಿ ನಾವು ಹೊಸ ತಿಂಡಿ ತರುವುದು. ಅದನ್ನು ದಾಟಿಬಿಡಿ. ಮೂರನೇ ದಿನ ಏಳು ವರ್ಷದವಳೊಬ್ಬಳು ತಾನಾಗಿಯೇ ಕೇಳಿದಳು, "ಮಿಸ್, ನನ್ನ ಬಟ್ಟಲಲ್ಲಿ ಮಾತ್ರ ಯಾಕೆ ನೀರು ನಿಂತಿದೆ?" ಅವಳು ಉಪ್ಪು ಮೊದಲೇ ಹಾಕಿದ್ದಳು. ನಾನು ಉತ್ತರ ಹೇಳಲಿಲ್ಲ. ಎರಡು ಬಟ್ಟಲು ಇಟ್ಟು, ಒಂದಕ್ಕೆ ಆಗಲೇ ಉಪ್ಪು ಹಾಕಿಸಿದೆ, ಇನ್ನೊಂದಕ್ಕೆ ಬಡಿಸುವ ಹೊತ್ತಿಗೆ. ಹತ್ತು ನಿಮಿಷ ಎಲ್ಲರೂ ಬಟ್ಟಲು ನೋಡುತ್ತಾ ಕೂತರು. ನಾಲ್ಕನೇ ದಿನ ಅವಳೇ ಚಿಕ್ಕವರ ಕೈಯಿಂದ ಉಪ್ಪಿನ ಡಬ್ಬಿ ಕಿತ್ತುಕೊಂಡು "ಈಗಲ್ಲ" ಅನ್ನುತ್ತಿದ್ದಳು. ದಿನಕ್ಕೊಂದು ತಿಂಡಿ ಮಾಡಿಸಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಅಲ್ವಾ?

ಹೆಸರುಬೇಳೆ ನೆಂದಿದೆಯೋ ಇಲ್ಲವೋ ಅನ್ನುವುದಕ್ಕೂ ಗಡಿಯಾರ ಬೇಡ. ಒಂದು ಕಾಳು ಕಚ್ಚಿ ನೋಡು ಅಂದರೆ ಆಯಿತು. ಸೌತೆಕಾಯಿ ಕಹಿ ಪರೀಕ್ಷೆ ಮಾಡುವ ಕೆಲಸಕ್ಕಂತೂ ಜಗಳವೇ. ರುಚಿ ನೋಡುವುದು ಮನೆಯ ಕ್ರಮದಲ್ಲೇ, ಸೌಟಿನಿಂದ ಅಂಗೈಗೆ ಹಾಕಿಕೊಂಡು. ಎಂಜಲು ಅಂದರೇನು ಅಂತ ಮಕ್ಕಳಿಗೆ ಆಗಲೇ ಗೊತ್ತು, ಶುಚಿತ್ವದ ಬೇರೆ ಪಾಠ ಬೇಡ. ಏಪ್ರಿಲ್‌ನಲ್ಲಿ ನಿಂಬೆಹಣ್ಣಿನ ರೇಟು ಕೇಳುವ ಹಾಗಿರುವುದಿಲ್ಲ, ಮಾವಿನಕಾಯಿ ತುರಿದು ಹಾಕಿಸುತ್ತೇನೆ. ಒಗ್ಗರಣೆ ನನ್ನದೇ. 14 ಮಕ್ಕಳ ಕೋಸಂಬರಿಗೆ ದಿನಕ್ಕೆ 150 ರೂಪಾಯಿ ದಾಟಿದ್ದು ನೆನಪಿಲ್ಲ.

ಚಪಾತಿಯಲ್ಲಿ ನಾನು ಮಾಡಿದ್ದು ಒಂದೇ ನಿಯಮ. ಪ್ರತಿಯೊಬ್ಬರಿಗೂ ಅರ್ಧ ಪಾವು ಗೋಧಿ ಹಿಟ್ಟು, ಅಳತೆಯ ತಲೆಯನ್ನು ಕೋಲಿನಿಂದ ಸಮ ಮಾಡಿ. ಅದಾದ ಮೇಲೆ ನನ್ನ ಹತ್ತಿರ ಹಿಟ್ಟಿಲ್ಲ. ನೀರು ಜಾಸ್ತಿಯಾಯಿತಾ, ಪಕ್ಕದವರನ್ನು ಕೇಳು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಯಾರೂ ಕೊಡಲಿಲ್ಲ. ಅಂಟು ಹಿಟ್ಟು ಕೈಗೆಲ್ಲ ಮೆತ್ತಿಕೊಂಡು ಒಬ್ಬ ಅಳುತ್ತಾ ಕೂತಿದ್ದ. ಸುಮ್ನೆ ಇರುವುದು ನನಗೂ ಕಷ್ಟವಾಯಿತು, ಸಹಾಯಕ್ಕಿದ್ದ ಅಕ್ಕ ಎರಡು ಸಲ ಡಬ್ಬಿಗೆ ಕೈ ಹಾಕಲು ಹೋದರು, ತಡೆದೆ. ಎರಡನೇ ದಿನ ಒಂದೆರಡು ಚಿಟಿಕೆ ದಾನ ನಡೆಯಿತು. ಮೂರನೆಯದೋ ನಾಲ್ಕನೆಯದೋ ದಿನ, ನೀರು ಕಡಿಮೆಯಾಗಿ ಹಿಟ್ಟು ಪುಡಿಪುಡಿ ಆಗಿದ್ದ ಹುಡುಗಿಯೊಬ್ಬಳು ಅಂಟು ಹಿಟ್ಟಿನ ಹುಡುಗನ ತಟ್ಟೆಗೆ ತನ್ನದನ್ನೆಲ್ಲ ಸುರಿದಳು. ಇಬ್ಬರೂ ಸೇರಿ ನಾದಿದರು. ನಾಲ್ಕು ಉಂಡೆ ಬಂತು, ಎರಡೆರಡು ಹಂಚಿಕೊಂಡರು. ಹಂಚಿ ತಿನ್ನಬೇಕು ಅಂತ ನಾನು ಆ ಎರಡು ವಾರದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ.

ಲಟ್ಟಿಸಿದ್ದು ಶ್ರೀಲಂಕಾದ ಹಾಗೆ ಬಂದರೂ ತಿದ್ದಬೇಡಿ. ಹೆಂಚಿನ ಹತ್ತಿರ ಏಳು ವರ್ಷ ದಾಟಿದವರು ಮಾತ್ರ, ಒಬ್ಬೊಬ್ಬರೇ, ನಾನು ಪಕ್ಕದಲ್ಲಿ ನಿಂತು.

ಖಾರ ಬಿಸ್ಕತ್ತು ಕೊನೆಗೆ. ಅಯ್ಯಂಗಾರ್ ಬೇಕರಿ ರುಚಿ ಬೇಕು ಅಂತ ಮೊದಲು ಹಸಿಮೆಣಸಿನಕಾಯಿಯನ್ನೇ ಹಾಕಿಸಿದ್ದೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅರ್ಧ ಶಿಬಿರ ನಲ್ಲಿಯ ಮುಂದೆ ನಿಂತಿತ್ತು. ಈಗ ಒರಟಾಗಿ ಕುಟ್ಟಿದ ಕಾಳುಮೆಣಸು, ಜೀರಿಗೆ, ಕರಿಬೇವು. ಬಿಸಿ ಕೈಗಳಿಗೆ ಬೆಣ್ಣೆ ಕರಗಿ ಹಿಟ್ಟು ಜಿಡ್ಡಾಗುತ್ತದೆ, 20 ನಿಮಿಷ ಫ್ರಿಜ್ಜಿನಲ್ಲಿ ಇಡಲೇಬೇಕು. ಆ 20 ನಿಮಿಷ ಕಾಯುವುದು ಮಕ್ಕಳಿಗೆ ಕಲಸುವುದಕ್ಕಿಂತ ಕಷ್ಟದ ಕೆಲಸ. ಆ ಹೊತ್ತಿಗೆ ನಾನೊಂದು ಆಟ ಆಡಿಸುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಲೋಟದ ಬಾಯಿಯಿಂದ ಕತ್ತರಿಸಿ, 170 ಡಿಗ್ರಿಯಲ್ಲಿ 20-25 ನಿಮಿಷ. ಓಟಿಜಿಯನ್ನು 16 ಆಂಪ್ ಪಾಯಿಂಟಿಗೇ ಹಾಕಿ. ಎಕ್ಸ್‌ಟೆನ್ಷನ್ ವೈರು ಕಮಟು ವಾಸನೆ ಬಂದದ್ದನ್ನು ನಾನು ನೋಡಿಯಾಗಿದೆ.

ಮಾಡಿದವರು ಮೊದಲು ಬಡಿಸಬೇಕು, ಕೊನೆಗೆ ತಿನ್ನಬೇಕು, ತಮ್ಮ ಪಾತ್ರೆ ತಾವೇ ತೊಳೆಯಬೇಕು. ಇದಕ್ಕೆ ಮಾತ್ರ ಜಗಳ ಬಂತು. ಒಬ್ಬ ತಂದೆ ಗೇಟಿನ ಹತ್ತಿರ ನಿಂತು "ನಮ್ಮ ಹುಡುಗನ ಕೈಲಿ ಪಾತ್ರೆ ತೊಳೆಸೋಕೆ ಫೀಸು ಕೊಟ್ಟಿಲ್ಲ" ಅಂದರು. ಉಳಿದ ದಿನಗಳ ಫೀಸು ವಾಪಸ್ ಕೊಡ್ತೀನಿ ಅಂದೆ, ತೊಗೊಂಡು ಹೋದರು. ಮುಂದಿನ ವರ್ಷ ಆ ಹುಡುಗನ ಅಜ್ಜಿ ಬಂದು ಸೇರಿಸಿದರು, ಪಾತ್ರೆಯ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಈ ನಡುವೆ ಇನ್ನೊಂದು ಹುಚ್ಚು. ಇಡ್ಲಿ ಹಿಟ್ಟನ್ನು ಮೂರು ಗಾಜಿನ ಜಾಡಿಗೆ ಹಾಕಿ, ಮಟ್ಟ ಗೊತ್ತಾಗಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿಸಿದೆ. ಒಂದು ಫ್ರಿಜ್ಜಿಗೆ, ಒಂದು ಮೇಜಿನ ಮೇಲೆ, ಒಂದು ಕಿಟಕಿಯ ಬಿಸಿಲಿಗೆ. ಬಿಸಿಲಿನದು ಮಧ್ಯಾಹ್ನಕ್ಕೇ ಉಕ್ಕಿ ಕಿಟಕಿಯೆಲ್ಲ ಹರಿಯಿತು, ಇರುವೆ ಓಡಿಸಲು ಎರಡು ದಿನ ಬೇಕಾಯಿತು. ನಮ್ಮ ಯಜಮಾನರು ಇವತ್ತಿಗೂ ಆ ಕಿಟಕಿ ತೋರಿಸುತ್ತಾರೆ. ಮಕ್ಕಳಿಗೆ ಮಾತ್ರ ಇಡೀ ಶಿಬಿರದಲ್ಲಿ ಅದೇ ಅತಿ ಖುಷಿ ಕೊಟ್ಟದ್ದು. ರಾಗಿ ಬಿಸ್ಕತ್ತೂ ಪ್ರಯತ್ನಿಸಿದೆ. ಬರೀ ರಾಗಿ ಹಿಟ್ಟಿಗೆ ಅಂಟಿಲ್ಲ, ಲಟ್ಟಿಸಿದರೆ ಒಡೆಯುತ್ತದೆ. ಗೋಧಿ ಬೆರೆಸಬೇಕು. ಎಷ್ಟು ಅಂತ ಕೇಳಬೇಡಿ, ಅದರಿಂದಲೇ ದೀಪಾವಳಿಗೆ ನನಗೆ ಒಂದಿಷ್ಟು ಆರ್ಡರ್ ಬರುವುದು.

ಈಗಿನ ಲೆಕ್ಕ ಹೀಗಿದೆ. ಫೀಸು 2,500, ಮಕ್ಕಳು 14. ಸಾಮಾನಿಗೆ ತಲೆಗೆ 250 ಆಗಬಹುದು, ಸಹಾಯಕ್ಕಿರುವ ಅಕ್ಕನಿಗೆ 5 ಸಾವಿರ, ಗ್ಯಾಸು ಕರೆಂಟು ಕಳೆದರೂ 25 ಸಾವಿರದ ಹತ್ತಿರ ಉಳಿಯುತ್ತದೆ. ಟೋಪಿಗೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಕಡಲೆಕಾಯಿ, ಹಾಲು, ಗೋಧಿ ಯಾರಿಗೆ ಆಗುವುದಿಲ್ಲ ಅನ್ನುವುದನ್ನು ಫಾರ್ಮಿನಲ್ಲೇ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ.

ಸೋತಿರುವುದು ಒಬ್ಬಟ್ಟಿನಲ್ಲಿ. ಯುಗಾದಿ ಮುಂದೆ ವಾರಾಂತ್ಯದ ಗುಂಪಿಗೆ ಮಾಡಿಸಲು ಹೋದರೆ ಕನಕ, ಅಂದರೆ ಹೊರಗಿನ ಹಿಟ್ಟು, ಮಕ್ಕಳ ಕೈಗೆ ಅಂಟಿಕೊಳ್ಳುತ್ತದೆ, ಎಣ್ಣೆ ಜಾಸ್ತಿ ಹಾಕಿದರೆ ಹೂರಣ ಹೊರಗೆ ಬರುತ್ತದೆ. ಚಿರೋಟಿ ರವೆ ಬಿಟ್ಟು ಮೈದಾ ಹಾಕಿದೆ, ಮೈದಾ ಬಿಟ್ಟು ಗೋಧಿ ಹಾಕಿದೆ. ಆರು ವರ್ಷದ ಕೈಯಲ್ಲಿ ಒಬ್ಬಟ್ಟು ತಟ್ಟಿಸಿದವರು ಯಾರಾದರೂ ಇದ್ದರೆ ಕನಕ ಎಷ್ಟು ಹೊತ್ತು ನೆನೆಸಿದಿರಿ ಅನ್ನುವುದನ್ನು ಹೇಳಿ. ರಾಗಿ ಬಿಸ್ಕತ್ತಿನ ಅಳತೆ ಆಗ ಬೇಕಾದರೆ ಕೊಡುತ್ತೇನೆ.