ವೀಸಾ ಮುಗಿದಿದ್ರೂ ಕೆನಡಾ ನೋಡ್ಕೊಂಡು ಅಮೆರಿಕಕ್ಕೆ ವಾಪಸ್ ಬರೋದು ಹೇಗೆ?

ನಯಾಗರಾ ತನಕ ಕಾರ್ ಓಡಿಸ್ಕೊಂಡು ಹೋಗಿ, ಕೆನಡಾ ಕಡೆಯಿಂದ ಫಾಲ್ಸ್ ಇನ್ನೂ ಚೆನ್ನಾಗಿ ಕಾಣತ್ತೆ ಅಂತ ಗೊತ್ತಿದ್ರೂ, ಪಾಸ್‌ಪೋರ್ಟಲ್ಲಿರೋ ಅಮೆರಿಕದ ವೀಸಾ ಎಕ್ಸ್‌ಪೈರ್ ಆಗಿದೆ ಅಂತ ಸೇತುವೆ ದಾಟದೇ ವಾಪಸ್ ಬರೋರು ತುಂಬಾ ಜನ ಇದಾರೆ. ಎಲ್ಲರೂ ಹಾಗೆ ಹೆದರಬೇಕಾಗಿಲ್ಲ. ಆಟೋಮ್ಯಾಟಿಕ್ ವೀಸಾ ರೀವ್ಯಾಲಿಡೇಷನ್ ಅಂತ ಒಂದು ನಿಯಮ ಇದೆ. ಕೆನಡಾಗೋ ಮೆಕ್ಸಿಕೋಗೋ ಹೋಗಿ 30 ದಿನದೊಳಗೆ ವಾಪಸ್ ಬಂದ್ರೆ ಆ ಮುಗಿದ ವೀಸಾನೇ ಇನ್ನೂ ಚಾಲ್ತೀಲಿದೆ ಅಂತ ಲೆಕ್ಕಕ್ಕೆ ತಗೋತಾರೆ. ಇದಕ್ಕೆ ಮುಂಚೆ ಅರ್ಜಿ ಹಾಕೋದು, ಅಪ್ರೂವಲ್ ತಗೋಳೋದು ಏನೂ ಇಲ್ಲ, ಆದ್ರೆ ಷರತ್ತುಗಳು ಮಾತ್ರ ಬೇಕಾದಷ್ಟಿವೆ.

ಮೊದಲು ನೋಡಬೇಕಾಗಿರೋದು ವೀಸಾ ಡೇಟ್ ಅಲ್ಲ, ಐ-94 (ಅಮೆರಿಕದೊಳಗೆ ಬಂದಾಗ ಮಾಡೋ ಎಂಟ್ರಿ ದಾಖಲೆ) ಡೇಟ್. ವೀಸಾ ಇರೋದು ಗಡಿಗೆ ಬಂದು ಒಳಗೆ ಬಿಡಿ ಅಂತ ಕೇಳೋಕೆ ಅಷ್ಟೇ, ಒಳಗಡೆ ಯಾವಾಗಿನ ತನಕ ಇರಬಹುದು ಅಂತ ಹೇಳೋದು ಐ-94. ಅದು ಮುಗಿದಿದ್ರೆ ಈ ನಿಯಮ ನಿಮಗಲ್ಲ, ಎಕ್ಸ್‌ಟೆನ್ಷನ್‌ಗೆ ಹಾಕಿದೀವಿ, ಪೆಂಡಿಂಗ್ ಇದೆ ಅಂದ್ರೂ ನಡೆಯಲ್ಲ. ಸಿಬಿಪಿ (ಅಮೆರಿಕದ ಗಡಿ ತಪಾಸಣೆ ಇಲಾಖೆ) ವೆಬ್‌ಸೈಟಲ್ಲಿ ಐ-94 ಸಿಗುತ್ತೆ, ಹೊರಡೋಕೆ ಮುಂಚೇನೇ ಪ್ರಿಂಟ್ ತಗೊಳ್ಳಿ. ಎಚ್-1ಬಿ (ಕೆಲಸದ ವೀಸಾ) ಎಕ್ಸ್‌ಟೆನ್ಷನ್ ಆದೋರಿಗೆ ಇಲ್ಲೊಂದು ತಲೆನೋವು: ವೆಬ್‌ಸೈಟಲ್ಲಿ ಇನ್ನೂ ಹಳೇ ಡೇಟೇ ಕಾಣ್ತಿರುತ್ತೆ, ಹೊಸ ಐ-94 ಇರೋದು ಐ-797 ಅಪ್ರೂವಲ್ ನೋಟಿಸ್‌ನ ಕೆಳಭಾಗದಲ್ಲಿ, ಹರಿದು ತೆಗೆಯೋ ಥರ ಇರೋ ತುಂಡು ಇದ್ಯಲ್ಲ, ಅದು. ಒರಿಜಿನಲ್ ವಕೀಲರ ಆಫೀಸಲ್ಲೋ ಎಚ್‌ಆರ್ ಹತ್ರಾನೋ ಇದ್ರೆ ಮೊದಲು ತರಿಸ್ಕೊಳ್ಳಿ. ಹೆಂಡತಿ ಮಕ್ಕಳು ಎಚ್-4ಲ್ಲಿದ್ರೆ ಅವರವರ ಐ-94 ಅವರವರದ್ದೇ, ನಿಮ್ಮದು ತೋರಿಸಿದ್ರೆ ಆಗಲ್ಲ.

ಎಫ್-1ಲ್ಲಿ ಓದೋಕೆ ಬಂದು ಆಮೇಲೆ ಅಲ್ಲೇ ಎಚ್-1ಬಿಗೆ ಬದಲಾದೋರೂ ಇದೇ ದಾರೀಲಿ ಬರಬಹುದು, ಹಳೇ ಸ್ಟೂಡೆಂಟ್ ವೀಸಾನೇ ಹೊಸ ಸ್ಟೇಟಸ್‌ಗೆ ಬದಲಾಗಿದೆ ಅಂತ ನೋಡ್ತಾರೆ.

ಇನ್ನು ಜನ ಮರೆಯೋ ವಿಷಯ. ಅಮೆರಿಕ ವಾಪಸ್ ಬಿಟ್ಕೊಳತ್ತೆ ಸರಿ, ಆ ಕಡೆ ದೇಶ ನಿಮ್ಮನ್ನ ಬಿಟ್ಕೊಬೇಕಲ್ಲ? ಭಾರತದ ಪಾಸ್‌ಪೋರ್ಟ್ ಇರೋರಿಗೆ ಕೆನಡಾ ವಿಸಿಟರ್ ವೀಸಾ ಬೇಕೇ ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ, ವೀಕೆಂಡ್ ಪ್ಲಾನ್ ಅಂತ ಶುಕ್ರವಾರ ಯೋಚನೆ ಮಾಡಿದ್ರೆ ಆಗಲ್ಲ. ಮೆಕ್ಸಿಕೋ ಕತೆ ಇನ್ನೂ ಮಜವಾಗಿದೆ, ಚಾಲ್ತೀಲಿರೋ ಅಮೆರಿಕ ವೀಸಾ ಇದ್ರೆ ಅವರು ಹಾಗೇ ಬಿಟ್ಕೊತಾರೆ, ಆದ್ರೆ ನಿಮ್ಮದು ಮುಗಿದಿರೋದೇ ಇಲ್ಲಿ ಸಮಸ್ಯೆ ಆಗಿರೋದ್ರಿಂದ ಆ ಸೌಲಭ್ಯ ನಿಮಗಿಲ್ಲ, ಬೇರೆ ದಾರಿ ಇಲ್ಲದಿದ್ರೆ ಮೆಕ್ಸಿಕೋ ವೀಸಾ ತಗೋಬೇಕು.

ಬ್ಯಾಗಲ್ಲಿ ಇರಬೇಕಾದ್ದು: ಚಾಲ್ತೀಲಿರೋ ಪಾಸ್‌ಪೋರ್ಟ್, ಮುಗಿದ ವೀಸಾ ಹಳೇ ಪಾಸ್‌ಪೋರ್ಟಲ್ಲಿದ್ರೆ ಅದೂ, ಐ-94, ಎಚ್-1ಬಿ ಆದ್ರೆ ಐ-797 ಮತ್ತು ಇತ್ತೀಚಿನ ಪೇ ಸ್ಲಿಪ್. ಸ್ಟೂಡೆಂಟ್‌ಗಳಿಗೆ ಟ್ರಾವೆಲ್ ಸಿಗ್ನೇಚರ್ (ಹೊರಗೆ ಹೋಗಿ ಬರೋಕೆ ಕಾಲೇಜಿನವರು ಹಾಕೋ ಸಹಿ) ಇರೋ ಐ-20, ಅಂದ್ರೆ ಕಾಲೇಜು ಕೊಡೋ ಫಾರಂ, ಜೆ-1 (ಎಕ್ಸ್‌ಚೇಂಜ್ ಪ್ರೋಗ್ರಾಂ ವೀಸಾ) ಆದ್ರೆ ಅಂಥದ್ದೇ ಫಾರಂ ಡಿಎಸ್-2019. ಒಪಿಟಿಲಿದ್ರೆ, ಅಂದ್ರೆ ಸ್ಟೂಡೆಂಟ್ ವೀಸಾದಲ್ಲೇ ಓದಿಗೆ ಸಂಬಂಧಿಸಿದ ಕೆಲಸ ಮಾಡ್ತಿದ್ರೆ, ಇಎಡಿ ಕಾರ್ಡ್ (ಕೆಲಸದ ಪರ್ಮಿಟ್) ಇಟ್ಕೊಳ್ಳಿ, ಸಿಗ್ನೇಚರ್ 6 ತಿಂಗಳೊಳಗಿನದಾ ನೋಡ್ಕೊಳ್ಳಿ. ಅಂದಹಾಗೆ ಎಫ್ ಮತ್ತು ಜೆ ಅವರಿಗೆ ಕ್ಯೂಬಾ ಬಿಟ್ಟು ಬಹಾಮಾಸ್, ಜಮೈಕಾದಂಥ ಅಕ್ಕಪಕ್ಕದ ದ್ವೀಪಗಳಿಗೂ ಇದು ಅನ್ವಯ ಆಗುತ್ತೆ, ಎಚ್-1ಬಿ ಅವರು ಆ ಕ್ರೂಸ್ ಆಸೆ ಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಗುಂಡಿ ಇರೋದು ಸ್ಟ್ಯಾಂಪಿಂಗಲ್ಲಿ, ಅಂದ್ರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸ್ಕೊಳ್ಳೋದ್ರಲ್ಲಿ. ಹೇಗೂ ಟೊರಾಂಟೊಗೆ ಬಂದಿದೀವಿ, ಅಲ್ಲೇ ಅಮೆರಿಕದ ಕಾನ್ಸುಲೇಟಲ್ಲಿ ಹೊಸ ವೀಸಾಗೆ ಹಾಕಿಬಿಡೋಣ, ಸಿಕ್ರೆ ಸಿಕ್ತು ಇಲ್ಲಾಂದ್ರೆ ಹಳೇದ್ರಲ್ಲೇ ವಾಪಸ್ ಬರೋಣ ಅಂತ ಯಾರೂ ಲೆಕ್ಕ ಹಾಕಬೇಡಿ. ಆ ಟ್ರಿಪ್‌ನಲ್ಲಿ ಹೊಸ ವೀಸಾಗೆ ಅಪ್ಲೈ ಮಾಡಿದ್ರೆ ಈ ನಿಯಮದ ಬಾಗಿಲು ಮುಚ್ತು. ರಿಜೆಕ್ಟ್ ಆಗಲಿ, ಅಡ್ಮಿನಿಸ್ಟ್ರೇಟಿವ್ ಪ್ರೊಸೆಸಿಂಗ್ (ಹೆಚ್ಚಿನ ಪರಿಶೀಲನೆ) ಅಂತ ತಿಂಗಳುಗಟ್ಟಲೆ ಎಳೀಲಿ, ಹೊಸ ವೀಸಾ ಕೈಗೆ ಬರೋ ತನಕ ಹೊರಗೇ ಇರಬೇಕು, ಕೆಲಸ, ಮನೆ ಬಾಡಿಗೆ, ಮಕ್ಕಳ ಸ್ಕೂಲು ಎಲ್ಲಾ ಗಡಿ ಆಚೆ. ಹಾಗೇ ಕೆನಡಾದಿಂದ ಬೆಂಗಳೂರಿಗೆ ಹೋಗಿ ಬಂದ್ರೂ ಇದು ಸಿಗಲ್ಲ. ವೀಸಾ ಮೇಲೆ ಕ್ಯಾನ್ಸಲ್ ಅಂತ ಸೀಲ್ ಬಿದ್ದಿದ್ರೆ ಅಥವಾ ಇರಾನ್, ಕ್ಯೂಬಾದಂಥ ದೇಶದ ಪ್ರಜೆ ಆಗಿದ್ರೂ ಅಷ್ಟೇ.

ವಾಪಸ್ ಬರುವಾಗ ನನ್ನ ಕೇಳಿದ್ರೆ ರಸ್ತೆ ದಾರೀನೇ ವಾಸಿ, ನೇರ ಸಿಬಿಪಿ ಆಫೀಸರ್ ಮುಂದೇನೇ ಹೋಗಿ ನಿಲ್ತೀರಿ. ಫ್ಲೈಟ್ ಆದ್ರೆ ಅವರಿಗಿಂತ ಮುಂಚೆ ಚೆಕ್-ಇನ್ ಕೌಂಟರ್ ದಾಟಬೇಕು. ಅಲ್ಲಿರೋರು ವೀಸಾ ಡೇಟ್ ನೋಡ್ತಾರೆ, ನಿಮ್ಮ ಮುಖ ನೋಡ್ತಾರೆ, ಬೋರ್ಡಿಂಗ್ ಪಾಸ್ ಕೊಡೋಕಾಗಲ್ಲ ಅಂತಾರೆ. ಜಗಳ ಆಡಬೇಡಿ, ಸೂಪರ್‌ವೈಸರನ್ನ ಕರೀರಿ ಅನ್ನಿ, ಸಿಬಿಪಿಯ ಈ ನಿಯಮದ ಪೇಜ್ ಪ್ರಿಂಟ್ ಮಾಡ್ಕೊಂಡು ಹೋಗಿದ್ರೆ ತೋರಿಸಿ, ಅದ್ರಲ್ಲಿ 22 ಸಿಎಫ್‌ಆರ್ 41.112(ಡಿ) ಅನ್ನೋ, ಈ ನಿಯಮದ ಕಾನೂನು ಸಂಖ್ಯೆ ಇರೋ ಸಾಲಿಗೆ ಹೈಲೈಟರ್ ಹಾಕಿರಿ. ಅದಕ್ಕೇ ಏರ್‌ಪೋರ್ಟಿಗೆ ಸ್ವಲ್ಪ ಬೇಗ ಹೋಗಿ. ಟೊರಾಂಟೊ, ವ್ಯಾಂಕೂವರ್‌ನಂಥ ಕಡೆ ಅಮೆರಿಕದ ಇಮಿಗ್ರೇಷನ್ ಅಲ್ಲಿನ ಏರ್‌ಪೋರ್ಟಲ್ಲೇ, ಫ್ಲೈಟ್ ಹತ್ತೋಕೆ ಮುಂಚೇನೇ ಮುಗಿಯತ್ತೆ. ಒಳಗೆ ಬಿಡೋದು ಕೊನೆಗೂ ಆಫೀಸರ್ ತೀರ್ಮಾನ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಆಟೋಮ್ಯಾಟಿಕ್ ರೀವ್ಯಾಲಿಡೇಷನ್‌ನಲ್ಲಿ ಬರ್ತಿದೀನಿ ಅಂತ ನೀವೇ ಬಾಯಿ ಬಿಟ್ಟು ಹೇಳಿ.

ಮನೆ ಸೇರಿದ ಮೇಲೆ ಐ-94 ಮತ್ತೆ ತೆಗೆದು ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯೋ ಹಾಗಿದ್ರೆ ಹೊಸ ಎಂಟ್ರೀಲಿ ಅದೇ ಡೇಟಿಗೆ ಕಟ್ ಮಾಡಿರ್ತಾರೆ, ಐ-797ಲ್ಲಿ ಮೂರು ವರ್ಷ ಇದ್ರೂ ಸಹ. ತಪ್ಪು ಕಂಡ್ರೆ ಎಂಟ್ರಿ ದಾಖಲೆಯ ತಪ್ಪು ಸರಿ ಮಾಡೋ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಆಫೀಸಿಗೆ ತಡ ಮಾಡದೇ ಬರೀರಿ.